ಯಾರು ಯಾರಿಗಾಗಿ ಕಾಯಬೇಕು?

ಗಜೇಂದ್ರಗಡದ ಗುಡ್ಡದ ಕೆಳಗಿನ ಎರೆಭೂಮಿಯಲ್ಲಿ ಐದಾರು ಎಕರೆ ಹೊಲವನ್ನಿಟ್ಟುಕೊಂಡು, ಮುಂಗಾರಿಗೆ ಹೆಸರನ್ನೂ ಹಿಂಗಾರಿಗೆ ಕಡಲೆ ಜೋಳಗಳನ್ನೂ ಬೆಳೆದು, ಮಳೆಯಾದ ವರ್ಷ ಸುಖವಾಗಿಯೂ ಆಗದ ವರ್ಷ ಸಮಾಧಾನವಾಗಿಯೂ ಬಾಳುತ್ತ ಬಂದಿರುವ ನನ್ನ ಸೋದರಮಾವನವರು, ಬೆಳೆಸಾಲವನ್ನು ಬಡ್ಡಿಸಹಿತವಾಗಿ ತೀರಿಸಿ, ಬ್ಯಾಂಕಿನಿಂದ ಬೇಬಾಕಿ ಪತ್ರವನ್ನು ಪಡೆದು, ಅದನ್ನು ದೇವರ ಜಗಲಿಯ ಮೇಲಿರಿಸಿ ನಿಶ್ಚಿಂತರಾಗಿದ್ದರು. ಕೆಲವು ತಿಂಗಳ ಮೇಲೆ ಯಾವುದೋ ಕಾರಣಕ್ಕಾಗಿ ಹೊಲದ ಉತಾರ ತೆಗೆಸಿ ನೋಡಲಾಗಿ, ಹನ್ನೊಂದನೆಯ ಕಲಮಿನಲ್ಲಿ ಹಳೆಯ ಸಾಲದ ಬೋಜಾ ಇದ್ದಂತೆಯೇ ಇತ್ತು. “ಸಾಲ ತುಂಬಿದ್ದು ಬ್ಯಾಂಕಿಗೆ ಗೊತ್ತೈತಿ, ನನಗ ಗೊತ್ತೈತಿ, ಊರಿಗೆಲ್ಲಾ ಗೊತ್ತೈತಿ, ಈ ಉತಾರಕ್ಕಷ್ಟ ಯಾಕ ಗೊತ್ತಾಗಿಲ್ಲೋ ತಮ್ಮಾ?” ಎಂದು ಅವರು ನನ್ನನ್ನು ಕೇಳಿದರು.

ಈ ಪ್ರಶ್ನೆಗೆ ನಗುವುದು ಸುಲಭ. ಉತ್ತರ ಹೇಳುವುದು ಸುಲಭವಲ್ಲ. ಬ್ಯಾಂಕಿನಲ್ಲೊಂದು ತಂತ್ರಾಂಶವಿದೆ, ಕಂದಾಯ ಇಲಾಖೆಯಲ್ಲಿ ಇನ್ನೊಂದಿದೆ. ಎರಡೂ ತಂತಮ್ಮ ಕೆಲಸದಲ್ಲಿ ನಿಪುಣವಾದವುಗಳೇ. ಆದರೆ ಒಂದು ಅರಿತದ್ದು ಮತ್ತೊಂದಕ್ಕೆ ತಾನಾಗಿ ತಿಳಿಯತಕ್ಕದ್ದಲ್ಲ. ತಿಳಿಸುವ ಬಗೆಯನ್ನು ಯಾರೋ ಒಬ್ಬರು ಮುಂಚಿತವಾಗಿ ಆಲೋಚಿಸಿ, ಆರಿಸಿ, ಕಟ್ಟಿಟ್ಟಿರಬೇಕು. ಆ ಬಗೆಗಳೆಷ್ಟು, ಯಾವುದು ಎಲ್ಲಿಗೆ ಸಲ್ಲುತ್ತದೆ ಎಂಬ ಜಿಜ್ಞಾಸೆಯ ಮೇಲೆ ಲೋಕದ ಯಂತ್ರಜ್ಞರು ದಪ್ಪ ದಪ್ಪ ಗ್ರಂಥಗಳನ್ನು ಬರೆದಿದ್ದಾರೆ. 2003ರಲ್ಲಿ ಗ್ರೆಗೊರ್ ಹೋಪೆ ಮತ್ತು ಬಾಬಿ ವುಲ್ಫ್ ಎಂಬಿಬ್ಬರು ‘ಎಂಟರ್‌ಪ್ರೈಸ್ ಇಂಟಿಗ್ರೇಷನ್ ಪ್ಯಾಟರ್ನ್ಸ್’ ಎಂಬ ತಮ್ಮ ಗ್ರಂಥದಲ್ಲಿ ಅವನ್ನೆಲ್ಲ ನಾಲ್ಕು ಪಂಗಡಗಳಾಗಿ ವಿಂಗಡಿಸಿದರು: ಕಡತವನ್ನು ಕಟ್ಟಿ ಕಳುಹಿಸುವುದು, ಇಬ್ಬರೂ ಒಂದೇ ವಹಿಯಲ್ಲಿ ಬರೆಯುವುದು, ನೇರವಾಗಿ ಕರೆದು ಕೇಳುವುದು, ಸಂದೇಶವನ್ನು ಬಿಟ್ಟು ತನ್ನ ಕೆಲಸಕ್ಕೆ ಹೋಗುವುದು. ಈ ನಾಲ್ಕನ್ನೂ ನಮ್ಮ ಚಾವಡಿಗಳು ಗಣಕಯಂತ್ರ ಹುಟ್ಟುವ ಮೊದಲಿನಿಂದಲೂ ಬಲ್ಲವಾದುದರಿಂದ, ಪರದೇಶದ ದೃಷ್ಟಾಂತಗಳನ್ನು ಅರಸಿ ಹೋಗುವುದಕ್ಕಿಂತ ರೋಣ ನರಗುಂದಗಳ ಕಚೇರಿಯ ಕಟ್ಟೆಯ ಮೇಲೆ ಕುಳಿತು ವಿಚಾರ ಮಾಡುವುದೇ ಲೇಸು.

ಈ ಭಾಗವು 1956ರವರೆಗೆ ಮುಂಬಯಿ ಪ್ರಾಂತದ ಧಾರವಾಡ ಜಿಲ್ಲೆಗೆ ಸೇರಿದ್ದಿತು. ಆ ಕಾರಣದಿಂದಲೇ ಮೈಸೂರಿನವರು ಪಹಣಿಯೆನ್ನುವುದನ್ನು ನಾವು ಇಂದಿಗೂ ಉತಾರವೆನ್ನುತ್ತೇವೆ, ಮುದುಕರ ಬಾಯಲ್ಲಿ ತಲಾಠಿ ಮಾಮಲೇದಾರರು ಇನ್ನೂ ಬದುಕಿದ್ದಾರೆ. ಆಗ ಹೊಲದ ಚರಿತ್ರೆಯೆಲ್ಲವೂ ಊರಿನ ಒಂದು ದಫ್ತರದಲ್ಲಿ, ಒಬ್ಬನ ಕೈಬರಹದಲ್ಲಿ ಇರುತ್ತಿತ್ತು. ಆತ ಸಜ್ಜನನಾಗಿದ್ದರೆ ಊರು ನೆಮ್ಮದಿಯಿಂದಿರುತ್ತಿತ್ತು, ಅಲ್ಲದಿದ್ದರೆ ಕೋರ್ಟು ಕಚೇರಿಗಳು ತುಂಬುತ್ತಿದ್ದವು. ಈ ಶತಮಾನದ ಆರಂಭದಲ್ಲಿ ‘ಭೂಮಿ’ ಯೋಜನೆಯು ಬಂದು, ಸುಮಾರು 9,000 ಗ್ರಾಮ ಲೆಕ್ಕಿಗರ ಕೈಯಲ್ಲಿದ್ದ, 67 ಲಕ್ಷ ರೈತರಿಗೆ ಸಂಬಂಧಪಟ್ಟ, ಎರಡು ಕೋಟಿ ಉತಾರಗಳನ್ನು ಗಣಕಯಂತ್ರಕ್ಕೇರಿಸಿ, ತಾಲ್ಲೂಕು ಕಚೇರಿಯ ಕಿಟಕಿಯಲ್ಲಿ 15 ರೂಪಾಯಿಗೆ ಒಂದರಂತೆ ಮುದ್ರಿಸಿ ಕೊಡತೊಡಗಿತು. ಅದರ ಬೆನ್ನಿಗೇ, 2003ರಲ್ಲಿ, ಮುದ್ರಾಂಕ ಮತ್ತು ನೋಂದಣಿ ಇಲಾಖೆಗೆ ಪುಣೆಯ ಸಿ-ಡ್ಯಾಕ್ ಸಂಸ್ಥೆಯು ರೂಪಿಸಿದ ‘ಕಾವೇರಿ’ ಬಂದಿತು. ಹೊಲದ ಖರೀದಿಯು ನಡೆಯುವುದು ಕಾವೇರಿಯಲ್ಲಿ. ಖರೀದಿದಾರನ ಹೆಸರು ಹಚ್ಚುವುದು ಭೂಮಿಯಲ್ಲಿ. ಎರಡು ಇಲಾಖೆ, ಎರಡು ಕಾಯಿದೆ, ಎರಡು ತಂತ್ರಾಂಶ. ನಡುವೆ ಸೇತುವೆಯಾಗಿ ‘ಜೆ-ಸ್ಲಿಪ್’ ಎಂಬ ಒಂದು ಕಾಗದ. ಉಪನೋಂದಣಾಧಿಕಾರಿಯು, “ಇಂಥವರ ಇಂಥ ಸರ್ವೆ ನಂಬರಿನ ಜಮೀನು ಇಂಥವರಿಗೆ ಮಾರಾಟವಾಯಿತು” ಎಂದು ತಹಶೀಲ್ದಾರರಿಗೆ ಬರೆದು ತಿಳಿಸುವ ಚೀಟಿ ಅದು.

ಆ ಚೀಟಿಗಳನ್ನು ಒಟ್ಟುಮಾಡಿ, ಕಟ್ಟು ಕಟ್ಟಿ, ಸಿಪಾಯಿಯ ಕೈಯಲ್ಲಿ ಕಳುಹಿಸುತ್ತಿದ್ದ ಕ್ರಮವೇ ಮೊದಲನೆಯ ಬಗೆ, ಅಂದರೆ ಕಡತ ಸಾಗಣೆ. ಈಗಿನ ಗಣಕಗಳೂ ಹಗಲಿನ ವ್ಯವಹಾರವನ್ನೆಲ್ಲ ರಾತ್ರಿ ಒಂದು ಕಡತವಾಗಿ ಬರೆದು ಇನ್ನೊಂದು ಗಣಕಕ್ಕೆ ಒಪ್ಪಿಸುವುದುಂಟು. ಹೊಸದಾಗಿ ಬೆಂಗಳೂರಿನಿಂದ ಕಲಿತುಬಂದ ತರುಣರಿಗೆ ಈ ಪದ್ಧತಿಯ ಹೆಸರೆತ್ತಿದರೆ ಸಂಕೋಚವಾಗುತ್ತದೆ. ನನಗಾದರೋ ಇದರಲ್ಲಿ ಯಾವ ಅಗೌರವವೂ ಕಾಣುವುದಿಲ್ಲ. ನೌಕರರ ತಿಂಗಳ ಸಂಬಳದ ಪಟ್ಟಿಯಾಗಲಿ, ಬೆಳೆವಿಮೆಗೆ ಹೆಸರು ಕೊಟ್ಟವರ ಪಟ್ಟಿಯಾಗಲಿ ಅರೆನಿಮಿಷದಲ್ಲಿ ತಲುಪದಿದ್ದರೆ ಯಾರ ಗಂಟೂ ಮುಳುಗುವುದಿಲ್ಲ. ಪಂಚಾಯತಿಯ ಹೊಲಗಳಲ್ಲಿ ಬೆಳೆಕಟಾವಿನ ಪ್ರಯೋಗ ನಡೆದು, ಇಳುವರಿಯ ಲೆಕ್ಕ ಮುಗಿದು, ಪರಿಹಾರ ನಿರ್ಧಾರವಾಗುವುದಕ್ಕೆ ತಿಂಗಳುಗಳೇ ಹಿಡಿಯುವಾಗ, ಪಟ್ಟಿಯೊಂದು ಕ್ಷಣಾರ್ಧದಲ್ಲಿ ಸಾಗಬೇಕೆಂದು ಹಟ ಮಾಡುವುದು, ಎತ್ತಿನ ಬಂಡಿಗೆ ರೈಲಿನ ಸೀಟಿ ಕಟ್ಟಿದಂತೆ. ಕಡತದ ದೋಷವಿರುವುದು ಬೇರೊಂದು ಕಡೆ. ಒಂದು ಕಟ್ಟಿಗೂ ಮುಂದಿನ ಕಟ್ಟಿಗೂ ನಡುವಣ ಅವಧಿಯಲ್ಲಿ ಸ್ವೀಕರಿಸುವವನು ಹಳೆಯ ಲೋಕದಲ್ಲಿ ಬಾಳುತ್ತಿರುತ್ತಾನೆ. ಆ ಅಂತರದಲ್ಲಿ ಮಾರಿದ ಹೊಲವನ್ನೇ ಮತ್ತೊಮ್ಮೆ ಮಾರುವ ಜಾಣರಿಗೆ ಎಡೆಯಿರುತ್ತದೆ.

ದಾಖಲೆಗೆ ಹೊಲದ ಸುದ್ದಿ ಮುಟ್ಟದಿದ್ದರೆ ಏನಾಗುವುದೆಂಬುದನ್ನು ನರಗುಂದಕ್ಕೆ ಯಾರೂ ಕಲಿಸಬೇಕಾಗಿಲ್ಲ. ಮಲಪ್ರಭೆಯ ನೀರು ತಲುಪದ ಜಮೀನಿಗೂ ಅಭಿವೃದ್ಧಿ ಕರವನ್ನು ಹೇರಿದ್ದಾರೆಂಬುದು 1980ರಲ್ಲಿ ಅಲ್ಲಿಯ ರೈತರ ದೂರಾಗಿತ್ತು. ಕಾಗದದಲ್ಲಿ ನೀರು ಹರಿದಿತ್ತು, ಕಾಲುವೆಯಲ್ಲಿ ಹರಿದಿರಲಿಲ್ಲ. ಆ ವರ್ಷದ ಜುಲೈ 21ರಂದು ಈ ದೂರಿನಿಂದೆದ್ದ ರೈತ ಬಂಡಾಯದಲ್ಲಿ ಮಡಿದವರ ನೆನಪಿಗಾಗಿ ರೈತರು ಇಂದಿಗೂ ಹುತಾತ್ಮ ದಿನವನ್ನಾಚರಿಸುತ್ತಾರೆ. ಅದು ಗಣಕಯಂತ್ರದ ಕಥೆಯಲ್ಲವೆಂಬುದು ನಿಜ; ಆದರೆ ಎರಡು ವಹಿಗಳ ನಡುವಣ ಮೌನವನ್ನು ಕೇವಲ ತಾಂತ್ರಿಕ ವಿಷಯವೆಂದು ತಿಳಿಯುವವರು ಒಮ್ಮೆ ಅಲ್ಲಿಗೆ ಹೋಗಿಬರಬೇಕು.

ಹಾಗಾದರೆ ಎರಡು ವಹಿಗಳೇಕೆ, ಭೂಮಿಯ ವಹಿಯಲ್ಲಿಯೇ ನೋಂದಣಿಯವರೂ ಬರೆದುಬಿಡಲಿ ಎಂದು ಯಾರಾದರೂ ಕೇಳಬಹುದು. ಇದು ಎರಡನೆಯ ಬಗೆ, ಸಮಾನ ದತ್ತಸಂಚಯ. ಕೇಳುವುದಕ್ಕೆ ಅತ್ಯಂತ ಸರಳವಾದುದು, ಬಾಳಿ ನೋಡಿದರೆ ಅತ್ಯಂತ ತೊಡಕಿನದು. ಅವಿಭಕ್ತ ಕುಟುಂಬದಲ್ಲಿ ಒಂದೇ ಅಡಿಗೆಮನೆಯಿದ್ದು, ಹಿರಿಸೊಸೆ ಉಪ್ಪಿನ ಭರಣಿಯನ್ನು ಬೇರೆಡೆಗಿಟ್ಟ ದಿನ ಕಿರಿಸೊಸೆಯ ಸಾರು ಕೆಡುವಂತೆ, ಒಂದು ಇಲಾಖೆಯು ತನ್ನ ಅನುಕೂಲಕ್ಕಾಗಿ ಒಂದು ಕಲಮನ್ನು ಸರಿಸಿದರೆ ಇನ್ನೊಂದರ ತಂತ್ರಾಂಶವು ಕುಸಿದು ಬೀಳುತ್ತದೆ. ಇಷ್ಟೇ ಆಗಿದ್ದರೆ ಹೇಗಾದರೂ ನಿಭಾಯಿಸಬಹುದಿತ್ತು. ಖರೀದಿ ಪತ್ರ ನೋಂದಣಿಯಾದ ಮಾತ್ರಕ್ಕೆ ಉತಾರದಲ್ಲಿ ಹೆಸರು ಬದಲಾಗತಕ್ಕದ್ದಲ್ಲ. ನೋಟೀಸು ಹೊರಡಬೇಕು, ತಕರಾರಿಗೆ ಅವಕಾಶವಿರಬೇಕು, ಅಣ್ಣತಮ್ಮಂದಿರೂ ಅಕ್ಕತಂಗಿಯರೂ ಬಂದು ತಮ್ಮ ಮಾತನ್ನು ಹೇಳುವಂತಿರಬೇಕು. ಆಮೇಲೆ ಕಂದಾಯದ ಅಧಿಕಾರಿಯು ತನ್ನ ವಿವೇಚನೆಯಿಂದ ಆದೇಶ ಮಾಡಬೇಕು. ಒಂದೇ ವಹಿಯಲ್ಲಿ ಇಬ್ಬರು ಬರೆದರೆ ಈ ವಿವೇಚನೆಗೆ ಸ್ಥಳವೇ ಉಳಿಯುವುದಿಲ್ಲ. ವಹಿಯ ಒಡೆಯ ಒಬ್ಬನೇ ಇರಬೇಕು. ಉಳಿದವರು ಅವನನ್ನು ಕೇಳಬೇಕು, ಇಲ್ಲವೆ ಅವನಿಗೆ ಬರೆದು ತಿಳಿಸಬೇಕು.

ಕೇಳುವುದು, ಬರೆದು ತಿಳಿಸುವುದು: ಉಳಿದೆರಡು ಬಗೆಗಳೂ ಈ ಒಂದು ವಾಕ್ಯದಲ್ಲಿ ಬಂದವು, ಮತ್ತು ನಿಜವಾದ ಆಯ್ಕೆಯಿರುವುದು ಇವೆರಡರ ನಡುವೆಯೇ.

ಕೇಳುವುದೆಂದರೆ ದೂರವಾಣಿಯಲ್ಲಿ ಕೇಳಿದಂತೆ: ಅತ್ತಲಿನವನು ಎಚ್ಚರವಾಗಿರಬೇಕು, ತಂತಿ ಸರಿಯಾಗಿರಬೇಕು, ಉತ್ತರ ಬರುವವರೆಗೆ ನಾನು ಕಿವಿಗೆ ಹಚ್ಚಿಕೊಂಡು ನಿಂತಿರಬೇಕು. ಅಮೆರಿಕದ ಜೆರಾಕ್ಸ್ ಸಂಸ್ಥೆಯಲ್ಲಿದ್ದ ಬಿರೆಲ್ ಮತ್ತು ನೆಲ್ಸನ್ ಎಂಬ ವಿದ್ವಾಂಸರು, ಬೇರೊಂದು ಯಂತ್ರದಿಂದ ಕೆಲಸ ಮಾಡಿಸಿಕೊಳ್ಳುವುದು ತನ್ನದೇ ಯಂತ್ರದಿಂದ ಮಾಡಿಸಿಕೊಂಡಷ್ಟೇ ಸಹಜವಾಗಿ ಕಾಣಬೇಕೆಂದು ಯೋಚಿಸಿ, ಅದರ ವಿಧಾನವನ್ನು 1984ರಲ್ಲಿ ಪ್ರಬಂಧವಾಗಿ ಪ್ರಕಟಿಸಿದರು. 2000ದಲ್ಲಿ ರಾಯ್ ಫೀಲ್ಡಿಂಗ್ ತನ್ನ ಡಾಕ್ಟರೇಟಿನ ಪ್ರಬಂಧದಲ್ಲಿ ‘ರೆಸ್ಟ್’ ಎಂಬ ಶೈಲಿಯನ್ನು ನಿರೂಪಿಸಿದ ಮೇಲೆ, ಜಾಲತಾಣಗಳಿಂದ ಹಾಳೆಗಳನ್ನು ತರಿಸಿಕೊಳ್ಳುವ ರೀತಿಯಲ್ಲಿಯೇ ತಂತ್ರಾಂಶಗಳೂ ಪರಸ್ಪರ ಮಾಹಿತಿಯನ್ನು ತರಿಸಿಕೊಳ್ಳುವುದು ರೂಢಿಯಾಯಿತು. ಇಂದು ಎಪಿಐ ಎಂದು ಎಲ್ಲರ ಬಾಯಲ್ಲಿರುವುದು ಬಹುಮಟ್ಟಿಗೆ ಇದೇ. ಮಾರುವವನೇ ನಿಜವಾದ ಮಾಲಕನೋ ಅಲ್ಲವೋ, ಹೊಲದಲ್ಲಿ ಭಾಗವನ್ನಷ್ಟೇ ಮಾರುವುದಾದರೆ ಭೂಮಾಪನ ಇಲಾಖೆಯ ‘ಮೋಜಿಣಿ’ ತಂತ್ರಾಂಶದ 11-ಇ ನಕ್ಷೆ ಸಿದ್ಧವಾಗಿದೆಯೋ ಇಲ್ಲವೋ ಎಂಬುದನ್ನು ಖರೀದಿಯ ಕಾಗದಕ್ಕೆ ಹೆಬ್ಬೆಟ್ಟೊತ್ತುವ ಮೊದಲೇ ತಿಳಿಯಬೇಕಾದುದರಿಂದ, ಅಲ್ಲಿ ಕರೆದು ಕೇಳದೆ ಗತ್ಯಂತರವಿಲ್ಲ. ನಿನ್ನೆಯ ಉತ್ತರವು ಅಲ್ಲಿ ಉತ್ತರವೇ ಅಲ್ಲ.

ಆದರೆ ಕೇಳಿದ್ದಕ್ಕೆಲ್ಲ ಕರೆಯೇ ಮದ್ದೆಂದು ನಂಬಿದವರ ಪಾಡನ್ನು ನೋಡಬೇಕಾದರೆ ಯಾವುದಾದರೊಂದು ಕಚೇರಿಯ ಮುಂದೆ ಬೆಳಗಿನ ಹನ್ನೊಂದು ಗಂಟೆಗೆ ನಿಲ್ಲಬೇಕು. “ಸರ್ವರ್ ಬಿಜಿ ಐತ್ರಿ, ಮಧ್ಯಾಹ್ನ ಬರ್ರಿ” ಎಂಬ ಮಾತು ಈಗ ಸಂಧ್ಯಾವಂದನೆಯ ಮಂತ್ರದಂತೆ ನಿತ್ಯವಾಗಿದೆ. ಇದರೊಳಗಿನ ಗಣಿತವು ಸಣ್ಣದು. 100 ಗಂಟೆಗಳಲ್ಲಿ 99 ಗಂಟೆ ಎಚ್ಚರವಾಗಿರುವ ತಂತ್ರಾಂಶವನ್ನು ಯಾರೂ ಹಳಿಯಲಾರರು. ಆದರೆ ಅಂಥ ಏಳು ತಂತ್ರಾಂಶಗಳು ಸರಪಳಿಯಾಗಿ, ಒಂದನ್ನೊಂದು ಕರೆದು, ಒಂದರ ಉತ್ತರಕ್ಕಾಗಿ ಇನ್ನೊಂದು ಕಾದು ನಿಂತರೆ, ಕೆಲಸವು ನಡೆಯುವುದು 100 ಗಂಟೆಗಳಲ್ಲಿ 93 ಗಂಟೆ ಮಾತ್ರ. ಉಳಿದ ಏಳು ಗಂಟೆಗಳಲ್ಲಿ, ಹೊಳೆಆಲೂರಿನಿಂದ ಬಸ್ಸು ಹತ್ತಿ ರೋಣಕ್ಕೆ ಬಂದ ಮುದುಕಿಯು ಕಟ್ಟೆಯ ಮೇಲೆ ಕುಳಿತಿರುತ್ತಾಳೆ. ಆ ಹೊತ್ತು ಯಾವ ಲೆಕ್ಕದಲ್ಲಿಯೂ ಜಮೆಯಾಗುವುದಿಲ್ಲ.

ಇದಕ್ಕಿಂತಲೂ ಸೂಕ್ಷ್ಮವಾದ ತೊಡಕು ಇನ್ನೊಂದಿದೆ. ಕರೆದು ಹೇಳಿದ ಮೇಲೆ, ಉತ್ತರ ಬರುವ ಮೊದಲು, ತಂತಿಯು ಕಡಿದರೆ, ಕೆಲಸವಾಯಿತೋ ಆಗಲಿಲ್ಲವೋ ಎಂಬುದು ಹೇಳಿದವನಿಗೆ ತಿಳಿಯುವುದಿಲ್ಲ. 2016ರಲ್ಲಿ ಯುಪಿಐ ಬಂದ ಮೇಲೆ ಈ ಸಂಕಟವನ್ನು ಗಿರಮಿಟ್ಟು ಮಾರುವವನೂ ಬಲ್ಲ: ಗಿರಾಕಿಯ ಖಾತೆಯಿಂದ ಹಣ ಹೋಗಿದೆ, ಅಂಗಡಿಯವನ ಮೊಬೈಲು ಮಾತನಾಡಿಲ್ಲ, ಮತ್ತೊಮ್ಮೆ ಕಳುಹಿಸಿದರೆ ಎರಡು ಸಲ ಹೋದೀತೆಂಬ ಭಯ, ಕಳುಹಿಸದಿದ್ದರೆ ಇವನು ಬಿಡಲಾರನೆಂಬ ಭಯ. ಇದಕ್ಕೆ ಯಂತ್ರಜ್ಞರು ಕಂಡುಕೊಂಡ ಪರಿಹಾರವು ನಮ್ಮ ಕಚೇರಿಗಳ ಆವಕ ಜಾವಕ ವಹಿಯೇ ಹೊರತು ಬೇರೆಯಲ್ಲ. ಪ್ರತಿಯೊಂದು ಬೇಡಿಕೆಗೂ ಕಳುಹಿಸುವವನು ಒಂದು ಜಾವಕ ನಂಬರನ್ನು ಕೊಡಬೇಕು. ಸ್ವೀಕರಿಸುವವನು ಆ ನಂಬರನ್ನು ತನ್ನ ಆವಕದಲ್ಲಿ ಬರೆದುಕೊಳ್ಳಬೇಕು. ಅದೇ ನಂಬರಿನ ಕಾಗದ ಹತ್ತು ಸಲ ಬಂದರೂ ಕೆಲಸವನ್ನು ಒಂದೇ ಸಲ ಮಾಡಿ, ಉಳಿದ ಒಂಬತ್ತು ಸಲ “ಆಗಿದೆ” ಎಂದು ಹಿಂದಿನ ಉತ್ತರವನ್ನೇ ಕೊಡಬೇಕು. ಹಾಗಿದ್ದರೆ ಸಂಶಯ ಬಂದಾಗಲೆಲ್ಲ ನಿರ್ಭಯವಾಗಿ ಮತ್ತೆ ಕಳುಹಿಸಬಹುದು. ಈ ಚಿಕ್ಕ ಶಿಸ್ತಿಲ್ಲದೆ ಕಟ್ಟಿದ ದೊಡ್ಡ ದೊಡ್ಡ ವ್ಯವಸ್ಥೆಗಳು, ಒಬ್ಬನ ಅರ್ಜಿಯನ್ನು ಮೂರಾಗಿಸಿ, ಮೂರನ್ನೂ ತಿರಸ್ಕರಿಸಿದ್ದನ್ನು ನಾನೇ ಕಂಡಿದ್ದೇನೆ. ಇಂಗ್ಲಿಷರು ಬಿಟ್ಟುಹೋದ ಗುಮಾಸ್ತಗಿರಿಯನ್ನು ನಾವು ಎಷ್ಟೇ ಹಳಿದರೂ, ಜಾವಕ ನಂಬರಿನ ವಿಷಯದಲ್ಲಿ ಅದಕ್ಕೊಂದು ನಮಸ್ಕಾರ ಸಲ್ಲಬೇಕು.

ಬರೆದು ತಿಳಿಸುವುದರಲ್ಲಿ ಈ ಕಾಯುವಿಕೆಯೇ ಇಲ್ಲ. ಜೆ-ಸ್ಲಿಪ್ಪು ಈಗ ಸಿಪಾಯಿಯ ಕೈಬಿಟ್ಟು ವಿದ್ಯುನ್ಮಾನ ಸಂದೇಶವಾಗಿ ಕಾವೇರಿಯಿಂದ ಭೂಮಿಗೆ ಹರಿಯುತ್ತದೆ. ಉಪನೋಂದಣಾಧಿಕಾರಿಯು ತಹಶೀಲ್ದಾರರು ಕುರ್ಚಿಯಲ್ಲಿದ್ದಾರೆಯೇ, ಅಲ್ಲಿ ಕರೆಂಟಿದೆಯೇ ಎಂದು ವಿಚಾರಿಸಬೇಕಾಗಿಲ್ಲ. ಸಂದೇಶವು ಸರದಿಯಲ್ಲಿ ಹೋಗಿ ಕೂಡುತ್ತದೆ. ಭೂಮಿ ಯೋಜನೆಯವರು ಮೊದಲಿನಿಂದಲೂ ಹೆಸರು ಬದಲಾವಣೆಯ ಅರ್ಜಿಗಳನ್ನು ಮೊದಲು ಬಂದದ್ದು ಮೊದಲು ಎಂಬ ನಿಯಮದಂತೆಯೇ ಎತ್ತಿಕೊಳ್ಳತಕ್ಕದ್ದೆಂದು ವಿಧಿಸಿದ್ದು ಬಹಳ ವಿವೇಕದ ಕೆಲಸ. ಗೌಡರ ಚೀಟಿಯು ಬಡವನ ಚೀಟಿಯನ್ನು ದಾಟಿ ಮುಂದೆ ಹೋಗದಂತೆ ಯಂತ್ರವು ತಡೆಯಿತು. ಲೋಕದಲ್ಲಿ ಈ ಸಂದೇಶದ ಬಗೆಯು ಬೆಳೆದದ್ದೂ ತಂತಿಯನ್ನು ನಂಬಲಾಗದ ಸ್ಥಳಗಳಿಗಾಗಿಯೇ. 1999ರಲ್ಲಿ ಆ್ಯಂಡಿ ಸ್ಟ್ಯಾನ್‌ಫರ್ಡ್-ಕ್ಲಾರ್ಕ್ ಮತ್ತು ಆರ್ಲೆನ್ ನಿಪ್ಪರ್ ಎಂಬವರು ನಿರ್ಜನ ಪ್ರದೇಶದ ಎಣ್ಣೆಯ ಕೊಳವೆಗಳ ಸುದ್ದಿಯನ್ನು ಉಪಗ್ರಹದ ದುಬಾರಿ ದಾರಿಯಲ್ಲಿ ತರಿಸಬೇಕಾಗಿ ಬಂದು, ‘ಎಂಕ್ಯುಟಿಟಿ’ ಎಂಬ ಕಿರುಚೀಟಿಗಳ ಕ್ರಮವನ್ನು ರಚಿಸಿದರು. ಇದರಲ್ಲಿಯೇ ಇನ್ನೊಂದು ಪ್ರಕಾರ, ಡಂಗುರ. ಕುಂಟೆ ಹೊಡೆಯುತ್ತಿರುವವನೂ ಕೇಳಲಿ, ಕಟ್ಟೆಯ ಮೇಲೆ ಮಲಗಿದವನೂ ಕೇಳಲಿ, ಬೇಕಾದವರು ಕೇಳಿಸಿಕೊಳ್ಳಲಿ ಎಂದು ಸಾರಿ ಹೋಗುವಂತೆ, ಉತಾರದಲ್ಲಿ ಹೆಸರು ಬದಲಾದುದನ್ನು ಭೂಮಿಯು ಒಮ್ಮೆ ಸಾರಿದರೆ ಸಾಕು. ಬ್ಯಾಂಕು, ವಿಮೆ, ಕೃಷಿ ಇಲಾಖೆಗಳು ತಂತಮ್ಮ ಪಾಲಿನದನ್ನು ಎತ್ತಿಕೊಳ್ಳುತ್ತವೆ. ಒಬ್ಬೊಬ್ಬರ ಮನೆಯ ಬಾಗಿಲನ್ನೂ ತಟ್ಟಬೇಕಾಗಿಲ್ಲ.

ಸಂದೇಶಕ್ಕೂ ತನ್ನದೊಂದು ವ್ಯಾಧಿಯುಂಟು. ಅಂಚೆ ಇಲಾಖೆಯಲ್ಲಿ ವಿಳಾಸ ಸಿಕ್ಕದ ಪತ್ರಗಳು ಹೋಗಿ ಸೇರುವ ‘ಡೆಡ್ ಲೆಟರ್ ಆಫೀಸು’ ಎಂಬುದೊಂದಿತ್ತು. ಅದರ ಹೆಸರನ್ನೇ ಎರವಲು ಪಡೆದು ತಂತ್ರಜ್ಞರು, ತಲುಪಿಸಲಾಗದ ಸಂದೇಶಗಳು ಬಂದು ಬೀಳುವ ಮೂಲೆಯನ್ನು ‘ಡೆಡ್ ಲೆಟರ್ ಕ್ಯೂ’ ಎಂದು ಕರೆದರು. ಅಂಚೆಯ ಕಚೇರಿಯಲ್ಲಿಯಾದರೋ ಆ ಲಕೋಟೆಗಳನ್ನು ಒಡೆದು ಓದಿ, ಮರಳಿಸಲು ಯತ್ನಿಸುವ ಮನುಷ್ಯರಿದ್ದರು. ಗಣಕದ ಮೂಲೆಗೆ ಅಂಥ ಒಬ್ಬನನ್ನು ನೇಮಿಸುವುದನ್ನು ಬಹುತೇಕರು ಮರೆಯುತ್ತಾರೆ. ಕಳುಹಿಸಿದವನು ಕಳುಹಿಸಿದೆನೆಂದು ನಿಶ್ಚಿಂತ, ಪಡೆಯಬೇಕಾದವನಿಗೆ ಬಂದೇ ಇಲ್ಲವಾದುದರಿಂದ ಅವನೂ ನಿಶ್ಚಿಂತ.

ಮಾವನವರ ಬೋಜಾ ಸಿಕ್ಕಿಕೊಂಡಿದ್ದುದು ಇಲ್ಲಿಯೇ. ನಾನು ಬ್ಯಾಂಕಿಗೆ ಎರಡು ಸಲವೂ ತಾಲ್ಲೂಕು ಕಚೇರಿಗೆ ಮೂರು ಸಲವೂ ಅಲೆದ ಮೇಲೆ, ತಾಳ್ಮೆಯುಳ್ಳ ಒಬ್ಬ ಗುಮಾಸ್ತರು ಪರದೆಯನ್ನು ನನ್ನತ್ತ ತಿರುಗಿಸಿ ತೋರಿಸಿದರು. 2017ರ ಆಯವ್ಯಯದಲ್ಲಿ ಘೋಷಿತವಾದ ಹೊಸ ತಾಲ್ಲೂಕುಗಳಲ್ಲಿ ಗಜೇಂದ್ರಗಡವೂ ಒಂದು; ರೋಣದ ಮಡಿಲಿನಲ್ಲಿದ್ದ ಮಾವನವರ ಊರು ಆ ತಾಲ್ಲೂಕು ಅಸ್ತಿತ್ವಕ್ಕೆ ಬಂದ ಮೇಲೆ ಗಜೇಂದ್ರಗಡಕ್ಕೆ ಸೇರಿತು. ಬ್ಯಾಂಕಿನ ತಂತ್ರಾಂಶಕ್ಕೆ ಈ ಸಂಗತಿಯನ್ನು ಯಾರೂ ಹೇಳಿರಲಿಲ್ಲವಾಗಿ, ಅದು ಬೋಜಾ ಇಳಿಸುವ ಕೋರಿಕೆಯನ್ನು ರೋಣ ತಾಲ್ಲೂಕಿನ ಹೆಸರಿನಲ್ಲಿಯೇ ಕಳುಹಿಸಿತ್ತು. ರೋಣದ ಪಟ್ಟಿಯಲ್ಲಿ ಆ ಊರಿಲ್ಲ. ಕೋರಿಕೆಯು ಮೂಲೆಗೆ ಬಿದ್ದಿತ್ತು. ದಾರಿ ಸರಿಯಿತ್ತು, ಬಂಡಿ ಸರಿಯಿತ್ತು, ಊರಿನ ಹೆಸರೊಂದು ತಪ್ಪಿತ್ತು.

ಇದನ್ನು ಕಂಡ ಮೇಲೆ ನನಗೆ ತೋರಿದ್ದೇನೆಂದರೆ, ಯಾವ ಬಗೆಯನ್ನಾರಿಸಿದರೂ, ಎರಡೂ ಕಡೆಯವರು ಒಂದು ವಸ್ತುವನ್ನು ಒಂದೇ ಹೆಸರಿನಿಂದ ಕರೆಯುತ್ತಾರೆಯೇ ಎಂಬುದನ್ನು ಮೊದಲು ನೋಡಿಕೊಳ್ಳಬೇಕು. ಕನ್ನಡದಲ್ಲಿ ಈ ಕಷ್ಟ ಇಮ್ಮಡಿ. ಗಜೇಂದ್ರಗಡವೆಂದು ಒಬ್ಬರು, ಗಜೇಂದ್ರಗಢವೆಂದು ಇನ್ನೊಬ್ಬರು ಬರೆಯುತ್ತಾರೆ. ಉತಾರದಲ್ಲಿ ಬಸವಣ್ಣೆಪ್ಪನಾದವನು ಆಧಾರ್ ಚೀಟಿಯಲ್ಲಿ ಬಸಣ್ಣನಾಗಿರುತ್ತಾನೆ. ಹಳೆಯ ನುಡಿ ಅಕ್ಷರಶೈಲಿಯಲ್ಲಿ ಬೆರಳಚ್ಚು ಮಾಡಿದ ಹೆಸರು ಯೂನಿಕೋಡ್ ಬಲ್ಲ ಯಂತ್ರಕ್ಕೆ ಹೋದರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ಸಾಲಾಗಿ ತೋರುತ್ತದೆ. ಮನುಷ್ಯನಾದರೆ “ಹೌದು, ನಮ್ಮ ಬಸಣ್ಣನೇ” ಎಂದು ಒಪ್ಪಿಯಾನು. ಯಂತ್ರಕ್ಕೆ ಒಂದು ಒತ್ತು ತಪ್ಪಿದರೂ ಅವನು ಪರಕೀಯ. ರಾಜ್ಯ ಸರಕಾರವು ‘ಫ್ರೂಟ್ಸ್’ ಎಂಬ ತಂತ್ರಾಂಶದಲ್ಲಿ ಪ್ರತಿಯೊಬ್ಬ ರೈತನಿಗೂ ಎಫ್‌ಐಡಿ ಎಂಬ ಒಂದು ಸಂಖ್ಯೆಯನ್ನು ಕೊಟ್ಟು, ಅವನ ಹೊಲಗಳನ್ನೆಲ್ಲ ಅದರಡಿಯಲ್ಲಿ ಜೋಡಿಸುವುದಕ್ಕೆ ಕಾರಣವೂ ಇದೇ. ಸಂಖ್ಯೆಗೆ ಕಾಗುಣಿತವಿಲ್ಲವಷ್ಟೆ.

ನಮ್ಮ ಕಡೆ ಸಹಕಾರಿ ಸಂಘಗಳೂ ಪಂಚಾಯತಿಗಳೂ ತರುಣರಿಂದ ಹೊಸ ತಂತ್ರಾಂಶಗಳನ್ನು ಮಾಡಿಸುತ್ತಿರುವ ಕಾಲವಿದು. ಅವರು ಯಾವ ಕಂಪನಿಯ ಯಾವ ಸಾಧನ ಉತ್ತಮವೆಂದು ವಿಚಾರಿಸುವ ಮೊದಲು, ಯಾರು ಯಾರಿಗಾಗಿ ಕಾಯಬೇಕು, ಎಷ್ಟು ಹೊತ್ತು ಕಾಯಬಲ್ಲರು ಎಂದು ಕೇಳಲಿ. ಕಟ್ಟೆಯ ಮೇಲಿನ ಮುದುಕಿಯು ಉತ್ತರವಿಲ್ಲದೆ ಮುಂದೆ ಹೋಗಲಾರಳಾದರೆ ಕರೆದು ಕೇಳುವ ದಾರಿ. ಅವಳನ್ನು ಮನೆಗೆ ಕಳುಹಿಸಿ ಕೆಲಸವನ್ನು ಆಮೇಲೆ ಮುಗಿಸಬಹುದಾದರೆ ಸಂದೇಶದ ದಾರಿ. ರಾತ್ರಿಯವರೆಗೆ ಯಾರಿಗೂ ಅವಸರವಿಲ್ಲವಾದರೆ ಕಡತವೇ ಸಾಕು. ನನ್ನನ್ನು ಕೇಳಿದರೆ, ವಿದ್ಯುತ್ತೂ ಜಾಲವೂ ಗಾಳಿಮಳೆಗೆ ಹೆದರುವ ಈ ಮೂರು ತಾಲ್ಲೂಕುಗಳಲ್ಲಿ, ಕರೆಯಲೇಬೇಕಾದ ಸಂದರ್ಭಗಳನ್ನು ಬಿಟ್ಟು ಉಳಿದೆಲ್ಲಕ್ಕೂ ಸಂದೇಶವೇ ತಕ್ಕದ್ದು; ಆದರೆ ಆ ಸತ್ತ ಚೀಟಿಗಳ ಮೂಲೆಯನ್ನು ದಿನಕ್ಕೊಮ್ಮೆ ನೋಡುವುದಕ್ಕೆ ಒಬ್ಬ ಮನುಷ್ಯನಿರಲೇಬೇಕು.

ಸಾಲ ತೀರಿಸಿದವರು ಬೇಬಾಕಿ ಪತ್ರದೊಡನೆ ಬೋಜಾ ಇಳಿಸಲು ಕಳುಹಿಸಿದ ಕೋರಿಕೆಯ ನಂಬರನ್ನೂ ಬ್ಯಾಂಕಿನಿಂದ ಬರೆಸಿಕೊಂಡು ಬರುವುದು ಒಳ್ಳೆಯದು. ಮಾವನವರ ಉತಾರದ ಹನ್ನೊಂದನೆಯ ಕಲಮು ಈಗ ಖಾಲಿಯಾಗಿದೆ. ಮುಂಗಾರಿಗೆ ಹೆಸರು ಬಿತ್ತಬೇಕೆಂದು ಅವರು ಅದೇ ಬ್ಯಾಂಕಿನಲ್ಲಿ ಮತ್ತೆ ಸಾಲಕ್ಕೆ ಅರ್ಜಿ ಹಾಕಿದ್ದಾರೆ.